ಮೌಶಿಗೆ ತಕ್ಕ ಲೆನ್ಸು

ನಮ್ಮ ಮನೆಯಲ್ಲಿ ಸೂಜಿ, ದಾರ, ಗುಂಡಿ ಬೇಕಾದರೆ ನನ್ನ ಹೆಂಡತಿ ಶಾರದೆ ಕಪಾಟಿನ ಮೇಲಿನ ಹಲಗೆಯಿಂದ ಒಂದು ಚರ್ಮದ ಡಬ್ಬಿ ಇಳಿಸುತ್ತಾಳೆ. ದುಂಡನೆಯ ಉದ್ದ ಡಬ್ಬಿ, ಒಳಗೆಲ್ಲ ಕೆಂಪು ಮಕಮಲ್ಲು, ಮೇಲೆ ಒತ್ತುಗುಂಡಿಯ ಮುಚ್ಚಳ. ಇಷ್ಟು ಠೀವಿಯಿಂದ ಬಾಳುವೆ ಮಾಡುವ ಸೂಜಿಗಳು ಇಡೀ ಪುಣೆಯಲ್ಲಿ ಇನ್ನೊಂದು ಮನೆಯಲ್ಲಿ ಇರಲಿಕ್ಕಿಲ್ಲ. ಮೊನ್ನೆ ಅಂಗಿಯ ಗುಂಡಿ ಕಿತ್ತು ಬಂತು, ಶಾರದೆ ಮನೆಯಲ್ಲಿರಲಿಲ್ಲ, ಡಬ್ಬಿಯನ್ನು ನಾನೇ ಇಳಿಸಿದೆ. ಮುಚ್ಚಳ ತೆರೆದೊಡನೆ ಹಳೆಯ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಗುಂಡಿ ಹೊಲಿಯುವ ಕೆಲಸ ಅಲ್ಲಿಗೇ ನಿಂತಿತು.

ಅದು ಮೂಲದಲ್ಲಿ ಒಂದು ಕ್ಯಾಮೆರಾ ಲೆನ್ಸಿನ ಡಬ್ಬಿ. ಲೆನ್ಸು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು, ಡಬ್ಬಿ ಮಾತ್ರ ನಮ್ಮಲ್ಲಿ ಉಳಿಯಿತು. ಆ ಕಥೆ ಹೇಳಬೇಕೆಂದರೆ ಮೊದಲು ನನ್ನ ಸ್ವಭಾವವನ್ನು ಹೇಳಬೇಕು. ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸಿಕೋ ಅಂದರೆ ನನಗೆ ಬೆವರು ಬರುತ್ತದೆ. ಹೋಟೆಲಿನಲ್ಲಿ ಮಾಣಿ ಬಂದು ನಿಂತಾಗ ಪಕ್ಕದ ಮೇಜಿನವರು ಏನು ತಿನ್ನುತ್ತಿದ್ದಾರೋ ಅದನ್ನೇ ಹೇಳಿಬಿಡುತ್ತೇನೆ. ಚಪ್ಪಲಿ ಅಂಗಡಿಯವನು ನನ್ನನ್ನು ಕಂಡರೆ ಒಳಕೋಣೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದ. ಶಾರದೆಯನ್ನು ನೋಡಲು ಹೋದಾಗಲೂ ನಾನು "ವಿಚಾರ ಮಾಡಿ ಹೇಳ್ತೀನ್ರಿ" ಅನ್ನಲು ಬಾಯಿ ತೆರೆಯುವುದರೊಳಗೆ ಗೋದಾ ಮೌಶಿ ಎಲ್ಲರ ಕೈಗೂ ಸಕ್ಕರೆ ಹಾಕಿಯಾಗಿತ್ತು. ಅದಕ್ಕಾಗಿ ನಾನು ಮೌಶಿಗೆ ಜನ್ಮವಿಡೀ ಋಣಿ. ಶಾರದೆ ಋಣಿಯೋ ಅಲ್ಲವೋ ಕೇಳಲು ಧೈರ್ಯ ಸಾಲದು.

ಗೋದಾ ಮೌಶಿ ನನ್ನ ತಾಯಿಯ ತಂಗಿ. ತೀರ ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ವಿಜಾಪುರದ ನಮ್ಮ ಮನೆಗೆ ಬಂದವಳು, ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು. ನನಗೆ ಭೋಸರಿಯ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ನೌಕರಿ ಸಿಕ್ಕಾಗ ನನ್ನ ಜೊತೆ ಪುಣೆಗೂ ಬಂದಳು. ಪೇಟೆಯ ಒಂದು ಹಳೆಯ ವಾಡೆಯಲ್ಲಿ ನಮ್ಮದು ಎರಡು ಕೋಣೆ, ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿದ ತುಳಸಿಕಟ್ಟೆ. ವಾಡೆಯ ಹೆಂಗಸರೊಡನೆ ಮೌಶಿ ಮರಾಠಿಯಲ್ಲಿ ಪಟಪಟ ಮಾತಾಡುತ್ತಿದ್ದಳು. ಪೂಜೆಗೆ ಕೂತಾಗ ವಿಠ್ಠಲನ ಹತ್ತಿರ ಮಾತ್ರ ಕನ್ನಡ. ಅವನು ಮೂಲತಃ ನಮ್ಮ ಕಡೆಯವನು, ಈ ಕಡೆ ಬಂದು ನೆಲೆಸಿದ್ದಾನೆ, ನಮ್ಮ ಹಾಗೇ, ಎನ್ನುವುದು ಅವಳ ವಾದ. ಹೊರಗೆ ಎಷ್ಟೇ ಮರಾಠಿ ಆಡಲಿ, ಮನೆಯ ಮಾತು ಕೇಳಿದರೆ ಅವನಿಗೂ ಜೀವಕ್ಕೆ ತಂಪಾಗುತ್ತದೆ ಅನ್ನುತ್ತಿದ್ದಳು.

ಈ ಮೌಶಿಯ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ. ಯಾರಾದರೂ ಕ್ಯಾಮೆರಾ ತೆಗೆದರೆ ಸಾಕು, ಅಳುವ ಕೂಸನ್ನೋ ಯಾರದೋ ಕೊಡೆಯನ್ನೋ ಕೈಯಲ್ಲಿ ಹಿಡಿದು ಬದಿಗೆ ಸರಿದುಬಿಡುವಳು. ಏಕೆಂದು ಯಾರೂ ಕೇಳುತ್ತಿರಲಿಲ್ಲ, ವಿಧವೆಯರು ಹಾಗೆ ಸರಿದು ನಿಲ್ಲುವುದು ಎಲ್ಲರಿಗೂ ರೂಢಿಯಾಗಿತ್ತು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವಳ ಮೊಣಕೈ ಒಂದು ಕಡೆ ಇದೆ, ಇನ್ನೊಂದು ಕಡೆ ಸೆರಗಿನ ತುದಿ. ವಿಜಾಪುರದ ಸ್ಟುಡಿಯೊದಲ್ಲಿ ನಾನು ಮಗುವಾಗಿದ್ದಾಗ ತೆಗೆಸಿದ ಒಂದು ಚಿತ್ರವಿದೆ. ಹಿಂದೆ ಪರದೆಯ ಮೇಲೆ ಬರೆದ ಸರೋವರ, ಎಲ್ಲಿಗೂ ಹೋಗದ ಮೆಟ್ಟಿಲು, ಮುಂದೆ ಸ್ಟೂಲಿನ ಮೇಲೆ ಜರಿ ಟೊಪ್ಪಿಗೆ ಹಾಕಿಕೊಂಡ ನಾನು, ಬಾಯಿ ತುಂಬ ನಗುತ್ತಿದ್ದೇನೆ. ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವನನ್ನು ಕಂಡು ನಾನು ಕಿರುಚಿಕೊಂಡಿದ್ದೆನಂತೆ. ಆಗ ಮೌಶಿ ಅವನ ಹಿಂದೆ ನಿಂತು ಕೀಲಿಗೊಂಚಲು ಆಡಿಸಿ ನಗಿಸಿದಳಂತೆ. ನಾನು ಯಾರನ್ನು ನೋಡಿ ನಗುತ್ತಿದ್ದೇನೋ ಅವಳು ಆ ಫೋಟೋದಲ್ಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆಫೀಸಿನ ಜೋಶಿಯ ಸಹವಾಸದಿಂದ ನನಗೂ ಫೋಟೋದ ಹುಚ್ಚು ಹಿಡಿಯಿತು. ಜೋಶಿ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತಂದು ಓದಿ ಬಸ್ಸಿನಲ್ಲಿ ನನಗೆ ಪಾಠ ಮಾಡುತ್ತಿದ್ದ. ಪ್ರವಾಸಕ್ಕೆ ಹೊರಟವನು ಒಂದೇ ಲೆನ್ಸು ಒಯ್ಯಬೇಕು, ಲೆನ್ಸು ಬದಲಿಸುತ್ತ ಕೂತವನ ಮುಂದಿನಿಂದ ದೃಶ್ಯ ಎದ್ದು ಹೋಗಿಬಿಡುತ್ತದೆ, ಎನ್ನುವುದು ಅವನ ಸಿದ್ಧಾಂತ. ಅವನ ಹತ್ತಿರ ಇದ್ದದ್ದೂ ಒಂದೇ ಎನ್ನುವುದು ಬೇರೆ ಮಾತು. ಅವನೇ ನನ್ನನ್ನು ಪುಣೆಯ ದಂಡುಪ್ರದೇಶವಾದ ಕ್ಯಾಂಪಿಗೆ ಕರೆದುಕೊಂಡು ಹೋಗಿ ಹಳೆಯ ಕ್ಯಾಮೆರಾ ಮಾರುವ ಒಬ್ಬ ಪಾರಸಿ ಮುದುಕನ ಅಂಗಡಿ ತೋರಿಸಿದ. ಅಲ್ಲಿ ನನಗೊಂದು ಕ್ಯಾಮೆರಾ ಸಿಕ್ಕಿತು. ಅದರ ಲೆನ್ಸಿಗೆ ಪುಣೆಯ ಮಳೆಗಾಲಗಳಲ್ಲಿ ಬೂಷ್ಟು ಹಿಡಿದಿದ್ದರಿಂದ ಮುದುಕ ಅದನ್ನು ಕಿತ್ತಿಟ್ಟು, ಒಳಗೆ ಕಪಾಟಿನ ತುಂಬ ಲೆನ್ಸುಗಳಿವೆ, ವಾರಕ್ಕೊಂದು ಮನೆಗೆ ಒಯ್ದು ನೋಡು, ಮನಸ್ಸಿಗೆ ಬಂದದ್ದು ನಿನ್ನದು, ಆದರೆ ಒಂದೇ, ಅಂದ. ಆರಿಸಲಾರದವನ ಪಾಲಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಅದೇ ಹೊತ್ತಿಗೆ ಮೌಶಿ ಮನೆಯಲ್ಲಿ ಒಂದು ಸುದ್ದಿ ಹೇಳಿದಳು. ಈ ಆಷಾಢದಲ್ಲಿ ಸಂತರ ಪಾದುಕೆ ಹೊತ್ತ ಪಾಲಖಿಯ ಸಂಗಡ ವಿಠ್ಠಲನ ಪಂಢರಪುರದವರೆಗೆ ನಡೆದು ಹೋಗುತ್ತಾಳಂತೆ. ಪ್ರತಿ ವರ್ಷ ಪಾಲಖಿ ಪುಣೆಗೆ ಬಂದಾಗ ರಸ್ತೆಯ ಬದಿಗೆ ನಿಂತು ಕೈಮುಗಿದು, ಯಾತ್ರಿಕರ ಕೈಗೆ ಬಾಳೆಹಣ್ಣು ಕೊಟ್ಟು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದಳು. ವಿಜಾಪುರದಲ್ಲಿದ್ದಾಗ ಮೊದಲು ನಾನು ಸಣ್ಣವನು, ಆಮೇಲೆ ನನ್ನ ಪರೀಕ್ಷೆ, ಇಲ್ಲಿಗೆ ಬಂದ ಮೇಲೆ ನನ್ನ ಮದುವೆ, ಹೀಗೆ ಅವಳ ನಡಿಗೆಗೆ ನಾನೇ ಅಡ್ಡಗಾಲಾಗಿದ್ದೆ. ವಾಡೆಯ ಓಣಿಯಿಂದ ಹೊರಡುವ ಹೆಂಗಸರ ಒಂದು ದಿಂಡಿಯಲ್ಲಿ, ಎಂದರೆ ಭಜನೆ ಹಾಡುತ್ತ ನಡೆಯುವ ಗುಂಪಿನಲ್ಲಿ, ಈಗ ಅವಳ ಹೆಸರು ಸೇರಿತ್ತು. ಮೊದಲ ದಿನ ಸಾಸವಡದ ತನಕ ನಾನೂ ಜೊತೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ತಿರುಗಿ ಬರುವುದೆಂದು ಗೊತ್ತಾಯಿತು.

ಆ ದಿನವೇ ನಾನು ಮನಸ್ಸಿನಲ್ಲಿ ಹಟ ತೊಟ್ಟೆ. ಅಷ್ಟು ದೂರ, ಅಷ್ಟು ಮಳೆ, ಅವಳ ವಯಸ್ಸೋ ಅರವತ್ತರ ಮೇಲೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಆಡಲಿಲ್ಲ. ಆದರೆ ಅವಳು ಮುಂದೆ ನಡೆದುಹೋಗುವ ಮೊದಲು ನನ್ನ ಹತ್ತಿರ ಅವಳದೊಂದು ಮುಖ ಉಳಿಯಬೇಕು. ಯಾವ ಲೆನ್ಸು ಎಂಬ ಪ್ರಶ್ನೆ ಅಂದಿನಿಂದ ನನಗೆ ಹುಡುಗಾಟದ ಪ್ರಶ್ನೆಯಾಗಿ ಉಳಿಯಲಿಲ್ಲ.

ಮೊದಲ ವಾರ ತಂದದ್ದು ಎಲ್ಲರೂ ಇಟ್ಟುಕೊಳ್ಳುವ ಸಾದಾ ಲೆನ್ಸು. ಕಣ್ಣಿಗೆ ಹೇಗೋ ಅದಕ್ಕೂ ಹಾಗೇ, ಎಂದು ಜೋಶಿ ಹೇಳಿದ್ದ. ಆದರೆ ನಮ್ಮ ಕೋಣೆಯಲ್ಲಿ ಕಣ್ಣು ಹಿಂದಕ್ಕೆ ಸರಿಯಲು ಜಾಗ ಬೇಕಲ್ಲ. ಶಾರದೆ, ಮೌಶಿ ಇಬ್ಬರನ್ನೂ ಮೋಸದಿಂದ ಒಟ್ಟಿಗೆ ಹಿಡಿಯಲು ಹಿಂದೆ ಹಿಂದೆ ಹೋಗಿ ನಾನು ಬಚ್ಚಲಿಗೆ ಇಳಿದು ಒಂದು ಕಾಲನ್ನು ಬಕೆಟ್ಟಿನಲ್ಲಿಟ್ಟು ಉರುಳಿಬಿದ್ದೆ. ನನ್ನನ್ನು ಎಬ್ಬಿಸಲು ಬಂದವಳೇ ಮೌಶಿ. ಮುಂದಿನ ವಾರ ಅಗಲದ ಲೆನ್ಸು ತಂದೆ. ಮಾವಿನಹಣ್ಣಿನ ಕಾಲ, ಶಾರದೆಯ ತಮ್ಮ ಬಂದಿದ್ದ, ಸೀಕರಣೆಯ ಊಟ. ಆ ಲೆನ್ಸಿನಲ್ಲಿ ಇಡೀ ಪಂಕ್ತಿ, ಛಾವಣಿಯ ತೊಲೆ, ನನ್ನ ಸ್ವಂತ ಮೊಣಕಾಲು ಎಲ್ಲ ಬಂದವು. ಅಂಚಿನಲ್ಲಿ ಕುಳಿತ ಭಾವಮೈದುನನ ಹೊಟ್ಟೆ ಮಾತ್ರ ಎಳೆದು ಹಾಸಿದ ಹಾಗೆ ಇನ್ನೊಬ್ಬರ ಎಲೆಯವರೆಗೆ ಹಬ್ಬಿತ್ತು. ಅದನ್ನು ನೋಡಿ ಅವನು ಆ ವರ್ಷವಿಡೀ ನಮ್ಮಲ್ಲಿ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಬಡಿಸುತ್ತಿದ್ದ ಮೌಶಿ ಸರಿಯಾದ ಹೊತ್ತಿಗೆ ಸೌಟನ್ನು ಮುಖದ ಮುಂದೆ ಎತ್ತಿದ್ದಳು. ಸೌಟು ಬಹಳ ಸ್ಪಷ್ಟವಾಗಿ ಬಂದಿತ್ತು.

ಆಮೇಲೆ ಬಂತು ಈ ಚರ್ಮದ ಡಬ್ಬಿಯಲ್ಲಿ ಕುಳಿತು ದೂರದ ಟೆಲಿ ಲೆನ್ಸು. ಅಂಗಳದ ಈಚೆ ನಿಂತು ಆಚೆಯವರ ಮೂಗಿನ ಮೇಲಿನ ನೊಣವನ್ನು ಎಣಿಸಬಹುದಾದಂಥದು. ಇದೇ ನನ್ನ ಅಸ್ತ್ರ ಎಂದುಕೊಂಡೆ. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಮೌಶಿ ಬರುವಾಗ ಮೇಲಿನ ಗ್ಯಾಲರಿಯಿಂದ ಕದ್ದು ಹಿಡಿಯುವುದು. ಅಭ್ಯಾಸಕ್ಕೆಂದು ಮೊದಲು ಮನೆ ಮಾಲಿಕರ ತಾಯಿ ಬಟಾಣಿ ಸುಲಿಯುತ್ತ ಕೂತಿದ್ದನ್ನು ತೆಗೆದೆ. ಅಜ್ಜಿಯ ಮುಖ ಎಷ್ಟು ಚೆನ್ನಾಗಿ ಬಂತೆಂದರೆ ಮಾಲಿಕರು ಆ ತಿಂಗಳು ನಲ್ಲಿಯ ನೀರಿನ ಜಗಳ ಆಡಲಿಲ್ಲ. ಮೌಶಿಗೂ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಮಾರಿ ಚಂದ ಬಂದದ," ಅಂದಳು. "ಆದ್ರ ಕಾಲೆಲ್ಲಿ ಬಿಟ್ಟಿ? ನಾಳೆ ಅವರ ಮಕ್ಕಳು ಮಮ್ಮಕ್ಕಳು ನಮಸ್ಕಾರ ಎಲ್ಲಿ ಮಾಡಬೇಕು?"

ನಮ್ಮ ಕಡೆ ಹಿರಿಯರ ಫೋಟೋ ಎಂದರೆ ಪಾದ ಬರಬೇಕು. ಹಬ್ಬದ ದಿನ ಹಣೆ ಮುಟ್ಟಿಸುವುದು ಅಲ್ಲಿಗೇ. ಮುಖ ಮಸುಕಾದರೆ ನಡೆದೀತು, ಪಾದ ಕತ್ತರಿಸಿದರೆ ಫೋಟೋದವನಿಗೆ ಬೈಗುಳ ತಪ್ಪಿದ್ದಲ್ಲ. ಇದನ್ನು ಮರೆತು ನಾನು ಕಣ್ಣು ಮೂಗುಗಳ ಬೆನ್ನು ಹತ್ತಿದ್ದೆ. ಪೆಚ್ಚುಮೋರೆ ಹಾಕಿಕೊಂಡು ಒಳಗೆ ಬಂದರೆ ಶಾರದೆ ನಗುತ್ತಿದ್ದಳು. ಕಾಲು ಬೇಕು, ನಮಸ್ಕಾರಕ್ಕೆ ಆಗಬೇಕು ಅಂತ ಲೆಕ್ಕ ಹಾಕುವವರಿಗೆ ಫೋಟೋ ಬೇಡವಾಗಿಲ್ಲ, ಬೇಕಾಗಿದೆ, ಇಷ್ಟೂ ತಿಳಿಯುವುದಿಲ್ಲವೆ ಎಂದು ಕೇಳಿದಳು. ನನಗೆ ತಿಳಿದಿರಲಿಲ್ಲ. ಅವತ್ತು ಮನಸ್ಸಿಗೆ ತುಸು ಆಸೆ ಬಂತು.

"ಮತ್ತ ಕಳ್ಳರ ಹಂಗ ಮ್ಯಾಲಿಂದ ಯಾಕ ತೆಗೀತೀರಿ? ಎದುರಿಗೆ ಹೋಗಿ ಕೇಳ್ರಿ," ಎಂದಳು ಶಾರದೆ.

ಕೇಳಿದೆ. ಮೌಶಿ ಎಂದಿನಂತೆ, ನಂದೇನು ನೋಡುವುದಿದೆ, ನಿನ್ನ ಹೆಂಡತಿಯದು ತೆಗಿ ಎಂದು ಅಕ್ಕಿ ಆರಿಸಲು ಹೋದಳು. ಮೊರದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಟೆಲಿಯನ್ನು ಹಿಂದಿರುಗಿಸುವಾಗ ಡಬ್ಬಿ ಮನೆಯಲ್ಲೇ ಉಳಿಯಿತು. ಮುಂದಿನ ವಾರ ಒಯ್ಯೋಣವೆಂದರೆ ಅಷ್ಟರಲ್ಲಿ ಅದರೊಳಗೆ ಸೂಜಿಗಳು ಸಂಸಾರ ಹೂಡಿದ್ದವು. ಪಾರಸಿ ಮುದುಕನಿಗೆ ಹೇಳಿದರೆ ಅವನು ನಕ್ಕು, ನನ್ನ ಹೆಂಡತಿ ಇದ್ದಿದ್ದರೆ ಅವಳೂ ಹಾಗೇ ಮಾಡುತ್ತಿದ್ದಳು, ಇರಲಿ ಬಿಡು ಅಂದ. ಮುದುಕನದು ಒಳ್ಳೆಯ ಸ್ವಭಾವ, ಆದರೆ ಸಲಹೆ ಕೇಳಿದರೆ ಉಪಯೋಗವಿಲ್ಲ. ನಾನು ಕೈಗೆ ತೆಗೆದುಕೊಂಡ ಲೆನ್ಸೇ ಅವನಿಗೆ ಜಗತ್ತಿನಲ್ಲಿ ಉತ್ತಮ, ಕೆಳಗಿಟ್ಟರೆ ಅದರ ಪಕ್ಕದ್ದು ಉತ್ತಮ. ಜೋಶಿಯಂತೂ ಹಟ ಹಿಡಿದು ಜೂಮ್ ಲೆನ್ಸು ಕೊಡಿಸಿದ. ಹತ್ತಿರ, ದೂರ, ನಡುವೆ ಎಲ್ಲ ಒಂದರಲ್ಲೇ, ಪ್ರವಾಸಕ್ಕೆ ಹೇಳಿ ಮಾಡಿಸಿದ್ದು, ಇನ್ನು ಆರಿಸುವ ಗೋಜೇ ಇಲ್ಲ, ಅಂದ. ನದಿಯ ದಂಡೆಗೆ ಹೋಗಿ ಒಂದು ಎತ್ತಿನ ಗಾಡಿಯನ್ನು ಕಂಡೆ. ಮೊದಲು ಎತ್ತು ಮಾತ್ರ ಸಾಕೆನ್ನಿಸಿತು, ತಿರುಗಿಸಿದೆ. ಗಾಡಿಯವನೂ ಇರಲಿ ಅನ್ನಿಸಿತು, ತಿರುಗಿಸಿದೆ. ನದಿ ಬಿಟ್ಟರೆ ಹೇಗೆ, ಮತ್ತೆ ತಿರುಗಿಸಿದೆ. ತಿರುಗಿಸಿ ಮುಗಿಸುವುದರೊಳಗೆ ಗಾಡಿ ಸೇತುವೆ ದಾಟಿತ್ತು. ಆರಿಸಲಾರದವನ ಕೈಗೆ ಯಾರಾದರೂ ಜೂಮ್ ಕೊಡುತ್ತಾರೆಯೆ?

ಪಾಲಖಿ ಪುಣೆಗೆ ಬರುವ ಹಿಂದಿನ ಭಾನುವಾರ ಶಾರದೆಯನ್ನೂ ಕ್ಯಾಂಪಿಗೆ ಕರೆದೊಯ್ದೆ. ನಿಜ ಹೇಳಬೇಕೆಂದರೆ ಅವಳೇ ನನ್ನನ್ನು ಎಳೆದೊಯ್ದಳು. ಮುದುಕ ಕಪಾಟನ್ನೆಲ್ಲ ಗಾಜಿನ ಮೇಲೆ ಹರವಿದ. ಸಾದಾ ಲೆನ್ಸಿಗಿಂತ ಒಂದಿಷ್ಟು ಅಗಲ, ಅಗಲದ ಲೆನ್ಸಿಗಿಂತ ಒಂದಿಷ್ಟು ಕಡಿಮೆ, ಹೀಗೆ ನಡುವಿನದೊಂದು ಗಿಡ್ಡ ಲೆನ್ಸು ಮೂಲೆಯಲ್ಲಿ ಕೂತಿತ್ತು. ಇಷ್ಟು ವಾರಗಳಲ್ಲಿ ನಾನು ಅದನ್ನು ಮುಟ್ಟಿಯೂ ನೋಡಿರಲಿಲ್ಲ. ಶಾರದೆ ಅದನ್ನು ಕ್ಯಾಮೆರಾಕ್ಕೆ ಹಾಕಿಸಿ, ಕಣ್ಣಿಗೆ ಹಿಡಿದು, ನನ್ನನ್ನು ಅಂಗಡಿಯ ಬಾಗಿಲಲ್ಲಿ ನಿಲ್ಲಿಸಿದಳು.

"ಇದರಾಗ ನೀವು ಇದ್ದಂಗ ಇದ್ದೀರಿ," ಎಂದಳು. "ಕಾಲೂ ಅದಾವ. ಹಿಂದ ರಸ್ತಾನೂ ಕಾಣಸ್ತದ. ಇನ್ನೇನು ಬೇಕ್ರಿ ನಿಮಗ?"

ಇನ್ನೇನು ಬೇಕೆಂದು ನಾನೂ ಯೋಚಿಸತೊಡಗಿದೆ. ಮುದುಕ ಆಗಲೇ ಕಾಗದದಲ್ಲಿ ಸುತ್ತುತ್ತಿದ್ದ. ನನ್ನ ಬದುಕಿನ ಎರಡನೆಯ ದೊಡ್ಡ ಆಯ್ಕೆಯೂ ಹೀಗೆ ಹೆಂಗಸರ ಕೈಯಿಂದಲೇ ಆಯಿತು.

ಪಾಲಖಿಯ ಹಿಂದೆ ನಡೆಯುವುದೆಂದರೆ ನಡೆಯುವುದಲ್ಲ, ನೀರಿನ ಜೊತೆ ಹೋದ ಹಾಗೆ. ತಾಳ, ಮೃದಂಗ, ತಲೆಯ ಮೇಲೆ ತುಳಸಿ ಹೊತ್ತ ಹೆಂಗಸರು, ನೆನೆದ ಪತಾಕೆಗಳು. ಹಡಪಸರ ದಾಟುವ ಹೊತ್ತಿಗೆ ನನ್ನ ಹಿಮ್ಮಡಿ ಸುಲಿದಿತ್ತು. ಮೌಶಿ ಮಾತ್ರ ಬಟ್ಟೆಯ ಗಂಟನ್ನು ಬಗಲಿಗೆ ಸಿಕ್ಕಿಸಿಕೊಂಡು ನನಗಿಂತ ಮುಂದೆ ಹೋಗುತ್ತಿದ್ದಳು. ದಾರಿಯಲ್ಲಿ ಕಂಡದ್ದನ್ನೆಲ್ಲ ತೆಗೆದೆ, ಲೆನ್ಸು ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಪಾಲಖಿಯ ಎತ್ತುಗಳು ಬಂದವು, ರೊಟ್ಟಿ ಹಂಚುವ ಕೈಗಳು ಬಂದವು, ದಿವೆ ಘಾಟಿನ ತಿರುವುಗಳಲ್ಲಿ ಮೇಲಿನವರೆಗೂ ತುಂಬಿದ ಜನ ಬಂದರು. ಮೌಶಿಯ ಬೆನ್ನು ಬಂತು. ಎದುರಿಗೆ ಹೋದರೆ ಸೆರಗನ್ನು ಎಳೆದುಕೊಂಡು ಪಕ್ಕಕ್ಕೆ ತಿರುಗುವಳು. ಸಾಸವಡ ಹತ್ತಿರವಾಗುತ್ತಿತ್ತು. ಇವಳು ಹೀಗೇ ಹೋಗಿಬಿಡುತ್ತಾಳೆ, ನನ್ನ ಕೈಯಲ್ಲಿ ಬೆನ್ನು ಮಾತ್ರ ಉಳಿಯುತ್ತದೆ ಎಂದು ದುಃಖವಾಯಿತು, ಸಿಟ್ಟೂ ಬಂತು.

ಘಾಟು ಮುಗಿಯುವ ಮುಂಚೆ ದಿಂಡಿ ಸ್ವಲ್ಪ ನಿಂತಿತು. ಮಳೆ ಜಿನುಗುತ್ತಿತ್ತು. ಮೌಶಿಯ ವಯಸ್ಸಿನವಳೇ ಆದ ಒಬ್ಬ ಹಳ್ಳಿಯ ಹೆಂಗಸು ಕೈಯಲ್ಲಿ ಬುಕ್ಕಿಟ್ಟಿನ ಭರಣಿ ಹಿಡಿದು, ಸಾಲಾಗಿ ಎಲ್ಲರ ಹಣೆಗೂ ಆ ಕರಿಯ ಪರಿಮಳದ ಪುಡಿ ಹಚ್ಚುತ್ತ ಬಂದಳು. ನನಗೂ ಹಚ್ಚಿದಳು. ಮೌಶಿಯ ಹತ್ತಿರ ಬಂದಾಗ ಮೌಶಿ ತಲೆ ಹಿಂದಕ್ಕೆ ಎಳೆದುಕೊಂಡು, ತಾನು ಹಣೆಗೆ ಏನೂ ಇಡುವವಳಲ್ಲ ಎಂದು ಮೆಲ್ಲಗೆ ಹೇಳಿದಳು. ಆ ಹೆಂಗಸು ತನ್ನ ಹಣೆಯನ್ನೇ ಬೆರಳಿಟ್ಟು ತೋರಿಸಿದಳು. ಅವಳ ಹಣೆಯಲ್ಲೂ ಕುಂಕುಮವಿರಲಿಲ್ಲ, ಕೊರಳಲ್ಲಿ ತುಳಸಿಮಣಿ ಬಿಟ್ಟರೆ ಏನೂ ಇರಲಿಲ್ಲ, ಬುಕ್ಕಿಟ್ಟು ಮಾತ್ರ ಹುಬ್ಬುಗಳ ನಡುವೆ ದಟ್ಟವಾಗಿತ್ತು.

"ಇಥಂ ಸಗಳ್ಯಾ ಮಾವುಲ್ಯಾಚ," ಎಂದಳು. ಇಲ್ಲಿ ಎಲ್ಲರೂ ತಾಯಂದಿರೇ ಎಂದರ್ಥ. ಮೌಶಿಯ ಉತ್ತರಕ್ಕೆ ಕಾಯದೆ ಹೆಬ್ಬೆರಳಿನಿಂದ ಅವಳ ಹಣೆಗೆ ಒತ್ತಿ ಹಚ್ಚಿ, ಅವಳ ಕಾಲು ಮುಟ್ಟಿ ನಮಸ್ಕರಿಸಿ, ಮುಂದಿನವರ ಕಡೆಗೆ ಹೋದಳು. ಮೌಶಿಯೂ ಬಗ್ಗಿ ಅವಳ ಕಾಲು ಮುಟ್ಟಬೇಕೆಂದು ಹೋದಳು, ಆ ಹೆಂಗಸು ಆಗಲೇ ಗುಂಪಿನಲ್ಲಿ ಸೇರಿಹೋಗಿದ್ದಳು.

ಮೌಶಿ ರಸ್ತೆಯ ಬದಿಯ ಕಟ್ಟೆಯ ಮೇಲೆ ಕೂತಳು. ಕೈ ಹಣೆಯ ಹತ್ತಿರ ಹೋಗುವುದು, ಮುಟ್ಟದೆ ಕೆಳಗಿಳಿಯುವುದು. ಕನ್ನಡಿ ಅದ ಏನು ಎಂದು ಕೇಳಿದಳು. ನನ್ನ ಹತ್ತಿರ ಎಲ್ಲಿಯ ಕನ್ನಡಿ. ಅವಳ ಕಣ್ಣು ಕ್ಯಾಮೆರಾದ ಮೇಲೆ ಬಿತ್ತು. ಹತ್ತಿರ ಕರೆದು, ಲೆನ್ಸಿನ ಗಾಜಿನೊಳಗೆ ಬಗ್ಗಿ, ಮುಖ ಆಚೀಚೆ ತಿರುಗಿಸಿ ನೋಡಿಕೊಂಡಳು. ಅದರಲ್ಲಿ ಕಡಲೆಯಷ್ಟು ಮುಖ ಕಂಡಿತೇನೋ. ಅಷ್ಟು ಸಾಕಾಯಿತು.

"ಬೋಳ ಹಣಿ ಫೋಟೋದಾಗ ಯಾಕಂತ ಇಷ್ಟು ದಿನ ನಿಂದರಲಿಲ್ಲೋ ವಾಸ್ಯಾ," ಅಂದಳು. "ಈಗ ತಗಿ."

ನನಗೆ ಅಳು ಬಂತು. ಹುಟ್ಟಿದಾಗಿನಿಂದ ಜೊತೆಗಿದ್ದೂ ಇದೊಂದು ಮಾತು ನನಗೆ ತಿಳಿದಿರಲಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ನೋಡಿದರೆ ಅವಳ ಮುಖ ಎರಡು ತುಂಡಾಗಿ ಕಾಣುತ್ತಿತ್ತು. ಆ ತುಂಡುಗಳು ಕೂಡಿದರೆ ಫೋಕಸ್ಸು ಸರಿಯಾಯಿತೆಂದು ಲೆಕ್ಕ. ಉಂಗುರ ತಿರುಗಿಸುತ್ತೇನೆ, ಕೂಡಿದವೋ ಇಲ್ಲವೋ ಒದ್ದೆ ಕಣ್ಣಿಗೆ ತಿಳಿಯುತ್ತಿಲ್ಲ. ಗಾಜಿನ ಮೇಲೆ ಮಳೆ ಹನಿ ಬೇರೆ. ಅಂಗಿಯಿಂದ ಒರೆಸಿ ಮತ್ತೆ ಹಿಡಿದೆ. ಕಟ್ಟೆಯ ಮೇಲೆ ನೆಟ್ಟಗೆ ಕೂತ ಮೌಶಿ, ಹಿಂದೆ ಘಾಟಿನ ತಿರುವು, ತಿರುವಿನ ತುಂಬ ನಡೆಯುವ ಜನ. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ಗುಂಡಿ ಒತ್ತಿದೆ. ಇನ್ನೊಂದು ತೆಗಿ, ಅದರಲ್ಲಿ ನಿನ್ನ ಕೈ ನಡುಗಿತು, ಅಂದಳು. ಇನ್ನೊಂದು ತೆಗೆದೆ.

ಸಾಸವಡದಲ್ಲಿ ಅವಳನ್ನು ದಿಂಡಿಯವರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ರೋಲನ್ನು ಸ್ಟುಡಿಯೊಕ್ಕೆ ಕೊಟ್ಟ ಮೇಲೆ ನಾನೂ ಶಾರದೆಯೂ ಸರಿಯಾಗಿ ಉಣ್ಣಲಿಲ್ಲ. ಮೊದಲನೆಯದು ನಿಜವಾಗಿಯೂ ನಡುಗಿತ್ತು. ಎರಡನೆಯದು ಒಂದಿಷ್ಟು ವಾಲಿತ್ತು, ಮಿಕ್ಕಂತೆ ಹಣೆಯಿಂದ ಪಾದದವರೆಗೆ ಚೊಕ್ಕ ಬಂದಿತ್ತು. ಶಾರದೆ ಅದನ್ನು ನೋಡಿ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದಳು. ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟೆವು.

ಪಂಢರಪುರದಿಂದ ಮೌಶಿ ಕಪ್ಪಾಗಿ, ಸೊರಗಿ, ಸಂತೋಷವಾಗಿ ಬಂದಳು. ವಿಠ್ಠಲನಿಗೆ ಕನ್ನಡದಲ್ಲಿ ಏನೇನು ಹೇಳಿದಳೆಂದು ಊಟದುದ್ದಕ್ಕೂ ವರದಿ ಕೊಟ್ಟಳು. ಆಮೇಲೆ ಫೋಟೋ ಎಲ್ಲಿ ಎಂದು ತಾನೇ ಕೇಳಿದಳು. ಬಟ್ಟೆ ಬಿಚ್ಚಿ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಒಯ್ದು, ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ನೋಡಿದಳು. ಸುತ್ತಿಗೆ ಮೊಳೆ ತಾ ಅಂದಳು.

ನಾನು ಗಾಬರಿಯಾದೆ. ನಮ್ಮಲ್ಲಿ ಒಬ್ಬರದೇ ಫೋಟೋ ದೊಡ್ಡದಾಗಿ ಗೋಡೆ ಏರುವುದು ಅವರು ತೀರಿಕೊಂಡ ಮೇಲೆ. ಬದುಕಿದ್ದವರದನ್ನು ಹಾಗೆ ಹಾಕುವುದು ಅಪಶಕುನ. ಶಾರದೆಯೂ, ಪೆಟ್ಟಿಗೆಯಲ್ಲೇ ಇಡೋಣ್ರಿ ಮೌಶಿ, ಬೇಕಾದಾಗ ತೆಗೆದು ನೋಡಬಹುದು, ಎಂದು ಮೆಲ್ಲಗೆ ಹೇಳಿದಳು. ಮೌಶಿ ಕೇಳಲಿಲ್ಲ. ಬಾಗಿಲಿನ ಎದುರಿನ ಗೋಡೆಗೆ, ಬಂದವರಿಗೆಲ್ಲ ಮೊದಲು ಕಾಣುವ ಜಾಗದಲ್ಲಿ, ಸ್ಟೂಲು ಹತ್ತಿ ತಾನೇ ಮೊಳೆ ಹೊಡೆದಳು.

"ಸತ್ತ ಮ್ಯಾಲ ನೀವು ಹ್ಯಾಂಗೂ ಹಾಕ್ತೀರಿ," ಅಂದಳು, ಚೌಕಟ್ಟು ನೇರ ಮಾಡುತ್ತ. "ಆವಾಗ ನೋಡಲಿಕ್ಕೆ ನಾ ಎಲ್ಲಿರ್ತೀನಿ?"

ಆಮೇಲೆ ಬಹಳ ವರ್ಷ, ಹೊರಗಿನಿಂದ ಬಂದಾಗಲೆಲ್ಲ ಚಪ್ಪಲಿ ಬಿಟ್ಟು, ಅದನ್ನೊಮ್ಮೆ ನೋಡಿಯೇ ಅವಳು ಕಾಲು ತೊಳೆಯಲು ಹೋಗುತ್ತಿದ್ದಳು.